ತವರಿಗೆ ಬಂದ ತಂಡ

ಪತ್ರಿಕೆಗಳ ಕ್ರೀಡಾಪುಟದಲ್ಲಿ ‘ತವರಿನ ಅಂಗಳ’ ಎಂಬ ಮಾತನ್ನು ನಾವೆಲ್ಲರೂ ಓದಿರುತ್ತೇವೆ. ಇಂಗ್ಲಿಷಿನವರು ಬರಿದೆ ‘ಮನೆ’ ಎನ್ನುವ ಕಡೆ ನಮ್ಮ ಕನ್ನಡದ ವರದಿಗಾರರು ‘ತವರು’ ಎಂಬ ಮಾತನ್ನು ಬಳಕೆಗೆ ತಂದಿದ್ದಾರೆ. ಮನೆ ಬೇರೆ, ತವರು ಬೇರೆ. ಮನೆಯಲ್ಲಿ ನಾವು ದಿನವೂ ಇರುತ್ತೇವೆ. ತವರಿಗಾದರೋ ಬರುತ್ತೇವೆ, ನಾಲ್ಕು ದಿನವಿದ್ದು, ಉಡಿ ತುಂಬಿಸಿಕೊಂಡು ಹಿಂದಿರುಗುತ್ತೇವೆ. ಬರುವವರ ಆಸೆಯೂ ಕಾಯುವವರ ಕಾತರವೂ ಕೂಡಿದ ಪದ ಅದು. ಆಟದ ಮಾತಿನಲ್ಲಿ ಈ ಪದ ಎಷ್ಟು ಸಾರ್ಥಕವಾಗಿ ಕೂತಿದೆಯೆಂಬುದು ನನಗೆ ಮನದಟ್ಟಾದದ್ದು 2022ರ ಅಕ್ಟೋಬರ್ 7ರ ರಾತ್ರಿ, ಕಂಠೀರವ ಒಳಾಂಗಣ ಕ್ರೀಡಾಂಗಣದ ಮೆಟ್ಟಿಲಿನ ಮೇಲೆ ಕುಳಿತು ಬೆಂಗಳೂರು ಬುಲ್ಸ್ ತಂಡದ ಕಬಡ್ಡಿಯನ್ನು ನೋಡಿದಾಗ.

ನಾನು ರಾಜಾಜಿನಗರದವನು. ಇಳಿವಯಸ್ಸಿನಲ್ಲಿ ಇಂಥ ಗದ್ದಲಕ್ಕೆ ಹೋಗುವ ಉತ್ಸಾಹ ನನ್ನದಾಗಿರಲಿಲ್ಲ. ಶಾಲೆಯಲ್ಲಿ ಕಬಡ್ಡಿ ಆಡುವ ಮೊಮ್ಮಗಳ ಹಟ ಅದು. ಇಬ್ಬರೂ ರಾಜಾಜಿನಗರದ ನಿಲ್ದಾಣದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ, ಕಬ್ಬನ್ ಪಾರ್ಕಿನಲ್ಲಿ ಇಳಿದೆವು. ವಿಜಯನಗರದಿಂದಲೂ ಕೆಂಗೇರಿಯಿಂದಲೂ ಬಂದಿದ್ದ ಹುಡುಗರ ಗುಂಪುಗಳು ನಮ್ಮೊಡನೆಯೇ ಇಳಿದು, ಕಸ್ತೂರಬಾ ರಸ್ತೆಯತ್ತ ಹೆಜ್ಜೆ ಹಾಕಿದವು. ಕ್ರೀಡಾಂಗಣ ನಿಂತಿರುವ ನೆಲ ಒಂದು ಕಾಲಕ್ಕೆ ಸಂಪಂಗಿ ಕೆರೆಯ ಅಂಗಳ. ಕೆರೆ ಹೋಯಿತು, ಮೂಲೆಯಲ್ಲಿ ಒಂದು ಸಣ್ಣ ಕೊಳ ಮಾತ್ರ ಉಳಿದಿದೆ. ಆದರೂ ಕರಗದ ವಿಧಿಗಳು ವರ್ಷಕ್ಕೊಮ್ಮೆ ಅಲ್ಲಿಗೆ ಬಂದೇ ಬರುತ್ತವೆ. ನೀರು ಬತ್ತಿದರೂ ನಂಟು ಬತ್ತದ ಜಾಗವೆನ್ನಬೇಕು.

ಕೇಳುತ್ತಿರುವವರಲ್ಲಿ ಕಬಡ್ಡಿಯನ್ನು ಕಾಣದವರು ವಿರಳ. ತಮಿಳಿನವರ ಸಡುಗುಡು, ಮರಾಠಿಯವರ ಹುತುತು ಇವೆಲ್ಲ ಈ ಆಟದ ಒಡಹುಟ್ಟುಗಳೇ. ನಾವು ಕಾಲಿನ ಹೆಬ್ಬೆರಳಿನಿಂದ ಮಣ್ಣಿನಲ್ಲಿ ಗೆರೆ ಎಳೆದು, ಮೊಣಕಾಲು ತರಚಿಕೊಂಡು ಆಡುತ್ತಿದ್ದೆವು. ಆದರೆ 2014ರ ಜುಲೈ ತಿಂಗಳಲ್ಲಿ ಎಂಟು ತಂಡಗಳೊಡನೆ ಆರಂಭವಾದ ಪ್ರೊ ಕಬಡ್ಡಿ ಲೀಗ್ ಈ ಆಟವನ್ನು ಮಣ್ಣಿನಿಂದೆತ್ತಿ, ದೀಪಗಳ ಕೆಳಗೆ, ಮೆತ್ತನೆಯ ಹಾಸಿನ ಮೇಲೆ ಇಟ್ಟಿತು. 2017ರಿಂದ ತಂಡಗಳು ಹನ್ನೆರಡಾದವು. ಅಂಕಣದ ಉದ್ದ 13 ಮೀಟರು, ಅಗಲ 10 ಮೀಟರು. ಪ್ರತಿ ಪಕ್ಷದಲ್ಲಿ ಏಳು ಮಂದಿ. ಇಪ್ಪತ್ತು ಇಪ್ಪತ್ತು ನಿಮಿಷಗಳ ಎರಡು ಅವಧಿ. ದಾಳಿಗೆ ಹೋದವನಿಗೆ ದೊರೆಯುವುದು 30 ಸೆಕೆಂಡು ಮಾತ್ರ. ಅಷ್ಟರೊಳಗೆ, ‘ಕಬಡ್ಡಿ ಕಬಡ್ಡಿ’ ಎಂಬ ಉಲಿಯನ್ನು ನಿಲ್ಲಿಸದೆ, ಎದುರಾಳಿಯನ್ನು ಮುಟ್ಟಿ ನಡುಗೆರೆಗೆ ಹಿಂದಿರುಗಬೇಕು. ಒಂದು ತಂಡ ಸತತವಾಗಿ ಎರಡು ಬಾರಿ ಬರಿಗೈಯಲ್ಲಿ ಬಂದರೆ ಮೂರನೆಯ ದಾಳಿ ಮಾಡು ಇಲ್ಲವೆ ಮಡಿ ಎಂಬಂಥದು: ಅಂಕ ತರದಿದ್ದರೆ ಹೋದವನೇ ಔಟು. ಹಿಡಿಯುವ ಪಕ್ಷದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಿದ್ದು ಅವರು ದಾಳಿಗಾರನನ್ನು ಕೆಡವಿದರೆ ಒಂದರ ಬದಲು ಎರಡು ಅಂಕ. ಕಡಿಮೆಯಾದವನ ಧೈರ್ಯಕ್ಕೆ ಹೆಚ್ಚಿನ ಬೆಲೆ ಕಟ್ಟುವ ನಿಯಮವಿದು.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಮತ್ತೊಂದು ನಿಯಮ. ಎದುರಾಳಿಯ ಒಬ್ಬ ಔಟಾದಾಗ ನಮ್ಮ ಕಡೆ ಔಟಾಗಿ ಹೊರಗೆ ಕೂತವನೊಬ್ಬ ಮತ್ತೆ ಒಳಗೆ ಬರುತ್ತಾನೆ; ಮೊದಲು ಹೋದವನು ಮೊದಲು ಬರುತ್ತಾನೆ. ಹುಡುಗರಾಗಿದ್ದಾಗ ನಾವು ‘ಸತ್ತ’, ‘ಬದುಕಿದ’ ಎನ್ನುತ್ತಿದ್ದೆವು. ಕ್ರಿಕೆಟ್ಟಿನಲ್ಲಿ ಔಟಾದ ದಾಂಡಿಗ ಆ ಸರದಿಗೆ ಮುಗಿದ ಕಥೆ. ಕಬಡ್ಡಿಯಲ್ಲಿ ಹೋದವನಿಗೂ ಹಿಂದಿರುಗುವ ಹಕ್ಕಿದೆ, ಆದರೆ ಅದನ್ನು ಜೊತೆಯವನೊಬ್ಬ ಗಳಿಸಿಕೊಡಬೇಕು.

ಇನ್ನು ತವರಿನ ವಿಚಾರ. ತವರಿನಲ್ಲಿ ಆಡುವುದರಿಂದ ನಿಜವಾಗಿ ಒದಗುವ ಲಾಭವೇನು? ಟೊರಾಂಟೋದಲ್ಲಿರುವ ನನ್ನ ಸೋದರಳಿಯ ಅಲ್ಲಿಯ ಐಸ್ ಹಾಕಿಯ ಹುಚ್ಚು ಹಿಡಿಸಿಕೊಂಡವನು. ಅವನು ಹೇಳಿದ ಸಂಗತಿ ಸ್ವಾರಸ್ಯವಾಗಿದೆ. ಅಲ್ಲಿಯ ರಾಷ್ಟ್ರೀಯ ಲೀಗಿನಲ್ಲಿ, ಉದಾಹರಣೆಗೆ 2024–25ರ ಸಾಲಿನಲ್ಲಿ, ಪ್ರತಿ ತಂಡವೂ ಆಡಿದ 82 ಪಂದ್ಯಗಳಲ್ಲಿ 41 ತವರಿನ ಪಾಲಿನವು. ಆಟ ನಿಂತು ಮತ್ತೆ ಮೊದಲಾಗುವಾಗ ಆಟಗಾರರನ್ನು ಬದಲಿಸುವುದಿದ್ದರೆ ಅತಿಥಿಗಳು ಮೊದಲು ತಮ್ಮವರನ್ನು ಇಳಿಸಬೇಕು. ಅವರನ್ನು ನೋಡಿಕೊಂಡು ಆತಿಥೇಯರು ತಮ್ಮವರನ್ನು ಇಳಿಸಬಹುದು. ತವರಿನ ಅನುಕೂಲವನ್ನು ನಿಯಮದಲ್ಲಿಯೇ ಬರೆದಿಟ್ಟಿದ್ದಾರೆ. ನಮ್ಮ ಕಬಡ್ಡಿಯಲ್ಲಿ ಅಂಥ ನಿಯಮವಿಲ್ಲ. ಇಲ್ಲಿ ತವರೆಂದರೆ ಬರಿಯ ದನಿ.

ಆದರೆ ಆ ದನಿಯನ್ನು ಕೇಳಿಯೇ ತಿಳಿಯಬೇಕು. ಕಂಠೀರವದ ಒಳಾಂಗಣದಲ್ಲಿ ಸುಮಾರು ನಾಲ್ಕು ಸಾವಿರ ಜನ ಕೂರಬಹುದು. ಬಯಲಿನ ಮೈದಾನದಲ್ಲಿ ಕೂಗು ಆಕಾಶಕ್ಕೆ ಹೋಗುತ್ತದೆ. ಇಲ್ಲಿ ಚಾವಣಿಗೆ ಬಡಿದು ನಮ್ಮ ತಲೆಯ ಮೇಲೆಯೇ ಬೀಳುತ್ತದೆ. ಅಂದಿನ ಎದುರಾಳಿ ತೆಲುಗು ಟೈಟನ್ಸ್. ಅವರ ದಾಳಿಗಾರ ಗೆರೆ ದಾಟಿದೊಡನೆ ಎದ್ದ ಗದ್ದಲದಲ್ಲಿ ಅವನ ‘ಕಬಡ್ಡಿ’ ಅವನಿಗೇ ಕೇಳಿಸಿತೋ ಇಲ್ಲವೋ. ನಮ್ಮ ಹಿಡಿತಗಾರರು ಒಬ್ಬರ ಕೈಯನ್ನೊಬ್ಬರು ಹಿಡಿದು ಸರಪಳಿಯಾಗಿ ನಿಂತಿದ್ದರು. ಮಾತು ಮುಟ್ಟದ ಕಡೆ ಕೈಯ ಬಿಗಿತವೇ ಮಾತು: ಮುಂದಕ್ಕೆ, ಹಿಂದಕ್ಕೆ, ಈಗ! ದೂರದರ್ಶನದ ಪರದೆಯಲ್ಲಿ ಈ ಕೈಗಳನ್ನು ನಾನು ಗಮನಿಸಿಯೇ ಇರಲಿಲ್ಲ. ಅಲ್ಲಿ ಕಣ್ಣು ದಾಳಿಗಾರನ ಹಿಂದೆಯೇ ಓಡುತ್ತದೆ.

ವಿರಾಮದಲ್ಲಿ ಮೊಮ್ಮಗಳು ಕೇಳಿದಳು: “ತಾತ, ಇವರೆಲ್ಲ ಬೆಂಗಳೂರಿನೋರಾ?”

ಅಲ್ಲ ಎನ್ನಲೇಬೇಕಾಯಿತು. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ಲೀಗು ಇದು. ಬೆಂಗಳೂರಿನ ತಂಡದ ಹೆಸರಾಂತರಲ್ಲಿ ಬಹುಮಂದಿ ಹರಿಯಾಣದವರು, ದೆಹಲಿಯ ಸುತ್ತಲಿನ ಹಳ್ಳಿಗಳವರು. ನಮ್ಮವರಾದರೋ ಬೇರೆಯವರ ಮನೆ ಬೆಳಗಿದ್ದಾರೆ. ಕರಾವಳಿಯ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ನಾಯಕತ್ವ ವಹಿಸಿದರು. ಪ್ರಶಾಂತ್ ಕುಮಾರ್ ರೈ 2021–22ರಲ್ಲಿ ಪಟ್ನಾ ತಂಡವನ್ನು ನಡೆಸಿದರು. ಅರ್ಜುನ ಪ್ರಶಸ್ತಿ ಪಡೆದ ನಮ್ಮ ಬಿ. ಸಿ. ರಮೇಶ್ ತರಬೇತುದಾರರಾಗಿ 2019ರಲ್ಲಿ ಬಂಗಾಳಕ್ಕೂ, 2024ರ ಮಾರ್ಚಿಯಲ್ಲಿ ಪುಣೆಗೂ ಕಿರೀಟ ತೊಡಿಸಿ, ಆಮೇಲೆ 2025ರಲ್ಲಿ ಬೆಂಗಳೂರಿನ ತಂಡಕ್ಕೆ ಬಂದರು. ಹಾಗಾದರೆ ಈ ಏಳು ಮಂದಿಗೆ ಬೆಂಗಳೂರು ತವರಾಗುವುದು ಹೇಗೆ? ಹುಡುಗಿಯ ಪ್ರಶ್ನೆಯಲ್ಲಿದ್ದ ಸಂಶಯ ನನ್ನದೂ ಆಗಿತ್ತು.

ಉತ್ತರ ದೊರೆತದ್ದು ಪಕ್ಕದ ಆಸನದಿಂದ. ಅಲ್ಲಿದ್ದ ಯುವಕ ಸಂಜೆಯಿಡೀ “ಬೆಂಗಳೂರು! ಬೆಂಗಳೂರು!” ಎಂದು ಗಂಟಲು ಹರಿದುಕೊಂಡಿದ್ದ. ಮಾತಿನ ಒರಟು ಕೇಳಿ ಊರು ವಿಚಾರಿಸಿದೆ. ಹರಿಯಾಣದ ಹಳ್ಳಿಯವನಂತೆ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಆರು ವರ್ಷದಿಂದ ದುಡಿಯುತ್ತಿದ್ದಾನೆ. “ನಿಮ್ಮ ಕಡೆಯ ಹುಡುಗರು ಆಡುತ್ತಾರೆಂದು ಬಂದಿರಾ?” ಎಂದೆ. ಅವನು ನಕ್ಕು, ಹರಕುಮುರುಕು ಕನ್ನಡದಲ್ಲಿಯೇ ಹೇಳಿದ: “ಇಲ್ಲ ಸಾರ್. ಹರಿಯಾಣದ ಟೀಮ್ ಬೇರೆ ಇದೆ. ನನ್ನ ಟೀಮ್ ಇದು. ನಾನು ಇಲ್ಲಿ ಅಲ್ವಾ ಇರೋದು?”

ಆ ಮಾತು ನನ್ನನ್ನು ಎಲ್ಲಿಗೋ ಕರೆದೊಯ್ದಿತು. ರಾಜಾಜಿನಗರ ಕೈಗಾರಿಕಾ ಬಡಾವಣೆಯಾಗಿ ಮೊದಲಾದದ್ದು 1949ರಲ್ಲಿ. ಅಲ್ಲಿಗೆ ಬಂದು ನೆಲೆಸಿದವರಲ್ಲಿ ಎಷ್ಟೋ ಮಂದಿ ತುಮಕೂರಿನ, ಮಂಡ್ಯದ, ಹಾಸನದ ಹಳ್ಳಿಗಳವರು; ತಮಿಳು, ತೆಲುಗು ಮನೆಮಾತಿನವರು. ನನ್ನ ತಂದೆಯೂ ತುಮಕೂರು ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆ ಬಂದವರೇ. ಕೊನೆಯವರೆಗೂ ‘ಊರು’ ಎಂದರೆ ಅವರಿಗೆ ಆ ಹಳ್ಳಿಯೇ. ಆದರೆ ನಮ್ಮ ಬೀದಿಯ ಗಣಪತಿಗೆ ಚಪ್ಪರ ಕಟ್ಟಿದ್ದು, ನೆರೆಯವರ ಹೆಣಕ್ಕೆ ಹೆಗಲು ಕೊಟ್ಟದ್ದು, ಮಕ್ಕಳ ಮದುವೆ ಮಾಡಿದ್ದು ಎಲ್ಲವೂ ರಾಜಾಜಿನಗರದಲ್ಲಿ. ಹರಾಜಿಗೂ ನೇಮಕಾತಿಗೂ ಎಷ್ಟು ಅಂತರ? ಅವರನ್ನು ಬೆಂಗಳೂರಿನವರನ್ನಾಗಿ ಮಾಡಿದ್ದು ದುಡಿಮೆ. ಆ ಏಳು ಮಂದಿಯನ್ನು ನಮ್ಮವರನ್ನಾಗಿ ಮಾಡುತ್ತಿದ್ದುದೂ ಅದೇ. ಅಂದು ಬೆಂಗಳೂರು ಗೆದ್ದಿತು. ಪಕ್ಕದ ಯುವಕ ನನ್ನ ಎರಡೂ ಕೈಗಳನ್ನು ಹಿಡಿದು ಕುಲುಕಿದ.

ಅಂದಿನ ಆ ಸಡಗರಕ್ಕೆ ಒಂದು ಹಿನ್ನೆಲೆಯಿತ್ತು. ಈ ತಂಡದ ತವರಿನ ಕಥೆ ಸುಖದ್ದಲ್ಲ. 2017ರಲ್ಲಿ ಕಂಠೀರವ ದೊರೆಯದೆ ಬೆಂಗಳೂರಿನ ‘ತವರಿನ’ ಪಂದ್ಯಗಳು ನಾಗಪುರದಲ್ಲಿ ನಡೆದವು, 2018ರಲ್ಲಿ ಪುಣೆಯಲ್ಲಿ. ವಿಪರ್ಯಾಸವೆಂದರೆ, ತವರೂರಿನಲ್ಲಿ ಒಂದು ಪಂದ್ಯವನ್ನೂ ಆಡದ ಆ ಸಾಲಿನಲ್ಲಿಯೇ ತಂಡ ಪ್ರಶಸ್ತಿ ಗೆದ್ದಿತು. 2019ರ ಜನವರಿ 5ರಂದು ಮುಂಬಯಿಯಲ್ಲಿ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಅದೇ ವರ್ಷದ ಆಗಸ್ಟ್ ಕೊನೆಗೆ ತಂಡ ಕಂಠೀರವಕ್ಕೆ ಮರಳಿ ಒಂದು ವಾರ ಆಡಿತು. ಆಮೇಲೆ ಮಹಾಮಾರಿ ಬಂತು. 2021ರ ಡಿಸೆಂಬರಿನಿಂದ 2022ರ ಫೆಬ್ರವರಿಯವರೆಗೆ ಇಡೀ ಲೀಗು ಬೆಂಗಳೂರಿನಲ್ಲಿಯೇ, ವೈಟ್‌ಫೀಲ್ಡಿನ ಹೋಟೆಲೊಂದರಲ್ಲಿ ನಡೆಯಿತು. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮಗಳು ಊರಿಗೇ ಬಂದಿದ್ದಾಳೆ, ತವರಿನ ಬಾಗಿಲಿಗೆ ಮಾತ್ರ ಅಗುಳಿ ಬಿದ್ದಿದೆ! ಆದ್ದರಿಂದ, ಆ ಅಕ್ಟೋಬರಿನ ರಾತ್ರಿ ಚಾವಣಿಗೆ ಬಡಿದ ಕೂಗು ಮೂರು ವರ್ಷ ಎದೆಯಲ್ಲಿ ಇಟ್ಟುಕೊಂಡ ಕೂಗು.

2023ರ ಡಿಸೆಂಬರಿನಲ್ಲಿ ತಂಡ ಮತ್ತೆ ಬಂತು. ನಾವೂ ಮತ್ತೆ ಹೋದೆವು. ಅನಂತರ 2024ರ ಪಂದ್ಯಗಳು ಹೈದರಾಬಾದು, ನೋಯ್ಡಾ, ಪುಣೆಗಳಿಗೆ ಹಂಚಿಹೋದವು. 2025ರಲ್ಲಿ ವಿಶಾಖಪಟ್ಟಣ, ಜಯಪುರ, ಚೆನ್ನೈ, ದೆಹಲಿಗಳ ಪಾಲಾದವು. ಹನ್ನೆರಡು ಊರುಗಳಿಗೆ ಹಾಸು ದೀಪಗಳನ್ನು ಹೊತ್ತು ತಿರುಗುವುದಕ್ಕಿಂತ ಮೂರು ನಾಲ್ಕು ಊರುಗಳಲ್ಲಿ ಮುಗಿಸುವುದು ಸುಲಭ, ನಿಜ. ಆದರೆ ಬೆಂಗಳೂರು ಎಂಬ ಹೆಸರು ಹೊತ್ತ ತಂಡಕ್ಕೆ ಎರಡು ವರ್ಷ ಬೆಂಗಳೂರಿನ ದನಿ ಕೇಳಿಸಲಿಲ್ಲ. ಹೆಸರನ್ನು ಕೊಟ್ಟವರಿಗೆ ಮುಖ ತೋರಿಸುವ ಋಣವೂ ಇರುತ್ತದಲ್ಲವೆ?

ಮೊಮ್ಮಗಳಿಗಾದರೋ ಈ ಕೊರಗಿಗಿಂತ ದೊಡ್ಡದೊಂದು ಕೊರಗು ಇದೆ. ‘ತವರು’ ಎಂಬ ಮಾತೇ ಹೆಣ್ಣುಮಕ್ಕಳದು. ನಮ್ಮ ಗರತಿಯರ ಹಾಡುಗಳು ಹಂಬಲಿಸುವುದೇ ಅದಕ್ಕಾಗಿ. ಏಷ್ಯಾ ಕ್ರೀಡಾಕೂಟದ ಚಿನ್ನ ತಂದ ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಇಬ್ಬರೂ ನಮ್ಮ ನಾಡಿನವರು, ಅರ್ಜುನ ಪ್ರಶಸ್ತಿಗೆ ಪಾತ್ರರಾದವರು. 2016ರಲ್ಲಿ ಇದೇ ಲೀಗಿನವರು ಮಹಿಳೆಯರಿಗಾಗಿ ಮೂರು ತಂಡಗಳ ಸ್ಪರ್ಧೆ ನಡೆಸಿದಾಗ ಇವರಿಬ್ಬರೂ ಎರಡು ತಂಡಗಳ ನಾಯಕಿಯರು. ಅಂತಿಮ ಪಂದ್ಯದಲ್ಲಿ ಎದುರುಬದುರಾಗಿ, ತೇಜಸ್ವಿನಿಯವರ ತಂಡ ಒಂದೇ ಅಂಕದಿಂದ ಗೆದ್ದಿತು. ಆ ತಂಡಗಳ ಹೆಸರು ನೋಡಿ: ಫೈರ್ ಬರ್ಡ್ಸ್, ಐಸ್ ದಿವಾಸ್, ಸ್ಟಾರ್ಮ್ ಕ್ವೀನ್ಸ್. ಬೆಂಕಿಯಿದೆ, ಹಿಮವಿದೆ, ಬಿರುಗಾಳಿಯಿದೆ. ಊರಿನ ಹೆಸರು ಮಾತ್ರ ಇಲ್ಲ. 2023ರಲ್ಲಿ ಬೇರೊಂದು ಮಹಿಳಾ ಲೀಗಿನಲ್ಲಿ ಬೆಂಗಳೂರಿನ ಹೆಸರಿನ ತಂಡವೊಂದಿತ್ತು, ಆದರೆ ಆಟ ನಡೆದದ್ದು ದುಬೈಯಲ್ಲಿ.

ಮೊನ್ನೆ ಮೊಮ್ಮಗಳು ಶಾಲೆಯಿಂದ ಬಂದು, ಮೊಣಕೈಗೆ ಅರಿಶಿನ ಹಚ್ಚಿಸಿಕೊಳ್ಳುತ್ತ ಅಂದಳು: “ತಾತ, ಔಟಾದವರು ವಾಪಸ್ ಬರಬೇಕಾದರೆ ಯಾರಾದರೂ ಒಂದು ಪಾಯಿಂಟ್ ತರಬೇಕು. ನಾನು ತರ್ತೀನಿ.”

ನಾನು ಏನೂ ಹೇಳಲಿಲ್ಲ. ಕಂಠೀರವದ ಆ ಮೆಟ್ಟಿಲುಗಳು ಕಣ್ಣ ಮುಂದೆ ಬಂದವು. ಎಂದಾದರೊಂದು ದಿನ ಅವಳ ಓರಗೆಯ ಹುಡುಗಿಯರು ಬೆಂಗಳೂರಿನ ಹೆಸರು ಹೊತ್ತು ಆ ಹಾಸಿನ ಮೇಲೆ ಇಳಿದರೆ, ಕೂಗುವುದಕ್ಕೆ ನನ್ನ ಗಂಟಲಿನಲ್ಲಿ ಅಷ್ಟು ಶಕ್ತಿ ಉಳಿದಿರಲಿ ಎಂದುಕೊಂಡೆ. ಪೀಣ್ಯದ ಆ ಯುವಕನಂತೂ ಬಂದೇ ಬರುತ್ತಾನೆ.