ಹಿಂಗಾರಿನ ನಿರೀಕ್ಷೆ

ಡಿಸೆಂಬರಿನಲ್ಲಿ ಬೀದರ್ ಜಿಲ್ಲೆಯ ಕಮಲನಗರದ ಸುತ್ತಣ ಎರೆಹೊಲಗಳಲ್ಲಿ ಕಡಲೆ, ಬಿಳಿಜೋಳಗಳು ಮಳೆಯಿಲ್ಲದೆಯೇ ಬೆಳೆಯುತ್ತಿರುತ್ತವೆ. ಹಿಂದಿನ ಮಳೆಗಳು ನೆಲದೊಳಗೆ ಉಳಿಸಿಹೋದ ತೇವವೇ ಅವುಗಳಿಗೆ ಆಧಾರ. ಇದೇ ದಿನಗಳಲ್ಲಿ ಜಿಲ್ಲೆಯ ಕ್ರೈಸ್ತ ಕುಟುಂಬಗಳಿಗೆ ಆಗಮನ ಕಾಲ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವಿಕೆ.

1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ವಿಖೆರ್ನ್ ಎಂಬವರು, ಹಬ್ಬವೆಂದು ಬರುವುದೆಂದು ಕೇಳುತ್ತಿದ್ದ ತಮ್ಮ ಆಶ್ರಯದ ಬಡಮಕ್ಕಳಿಗಾಗಿ ದಿನಕ್ಕೊಂದು ಮೇಣದಬತ್ತಿ ಹಚ್ಚಿಸಿದರು. ಈಗ ಅನೇಕ ದೇವಾಲಯಗಳಲ್ಲಿ ಭಾನುವಾರಕ್ಕೊಂದರಂತೆ ನಾಲ್ಕು ಬತ್ತಿಗಳು ಬೆಳಗುತ್ತವೆ. ಮೊದಲನೆಯದರ ಹೆಸರೇ ನಿರೀಕ್ಷೆ.

ಬೈಬಲಿನ ಯಾಕೋಬನ ಪತ್ರಿಕೆಯು ಭಕ್ತನಿಗೆ ತೋರಿಸುವ ಮಾದರಿಯೂ ಮುಂಗಾರು ಹಿಂಗಾರುಗಳಿಗಾಗಿ ತಾಳ್ಮೆಯಿಂದ ಕಾಯುವ ರೈತನೇ. ಮಳೆ ತಪ್ಪಿದ ವರ್ಷಗಳನ್ನು ಕಂಡ ರೈತನೂ ಋತು ಬಂದಾಗ ಮತ್ತೆ ಬೀಜ ಬಿತ್ತುತ್ತಾನೆ. ದೇವರ ಸಂಕಲ್ಪವನ್ನು ನಂಬಿದವನೂ ಹಾಗೆಯೇ, ಫಲ ಕಣ್ಣಿಗೆ ಬೀಳುವ ಮೊದಲೇ ತನ್ನ ಪಾಲಿನ ಕೆಲಸಕ್ಕೆ ಕೈಹಾಕುತ್ತಾನೆ.