ಚೀಟಿ ಇಲ್ಲದೆ ಸಿಗುವ ಮಾತ್ರೆ

ಮನೆಯ ಔಷಧಿ ಡಬ್ಬಿಯಲ್ಲಿರುವ ಸ್ಟ್ರಿಪ್‌ಗಳನ್ನು ಒಮ್ಮೆ ತಿರುವಿ ನೋಡಿ. ಹೆಸರಿನ ಹತ್ತಿರ ‘ಆರ್‌ಎಕ್ಸ್’ ಗುರುತಿದ್ದರೆ ಡಾಕ್ಟರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ. ಅದೇ ಗುರುತು ಕೆಂಪಕ್ಷರದಲ್ಲಿದ್ದು, ಕೆಂಪು ಅಂಚಿನ ಚೌಕದೊಳಗೆ ಎಚ್ಚರಿಕೆಯ ಸಾಲುಗಳಿದ್ದರೆ ಅದು ‘ಎಚ್1’ ಪಟ್ಟಿಯದು. ಯಾರಿಗೆ ಮಾರಿದೆ ಎಂದು ಅಂಗಡಿಯವರು ಬರೆದಿಡಬೇಕು. ‘ಎನ್‌ಆರ್‌ಎಕ್ಸ್’ ಎಂದಿದ್ದರೆ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಗಾಂಜಾ ಹೆರಾಯಿನ್‌ಗಳಿಗೆ ಅನ್ವಯಿಸುವ ಕಾನೂನೇ, ಅದಕ್ಕೂ ಅನ್ವಯಿಸುತ್ತದೆ. ಅಜ್ಜಿಯ ನಿದ್ದೆ ಮಾತ್ರೆ, ಅಪ್ಪನ ಬೆನ್ನುನೋವಿನ ಮಾತ್ರೆ, ಕಳೆದ ಮಳೆಗಾಲದಲ್ಲಿ ತಂದು ಅರ್ಧ ಉಳಿದ ಕೆಮ್ಮಿನ ಸಿರಪ್: ಈ ಗುರುತುಗಳು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ.

ಮಗನ ಜೇಬಿನಲ್ಲಿ ಗಾಂಜಾ ಪೊಟ್ಟಣ ಸಿಕ್ಕರೆ ಮನೆಯಲ್ಲಿ ಅಂದೇ ರಾದ್ಧಾಂತ. ಮಾತ್ರೆಯ ಸ್ಟ್ರಿಪ್ ಸಿಕ್ಕರೆ ‘ಯಾಕೋ, ಮೈ ಹುಷಾರಿಲ್ವಾ?’ ಎಂದು ತಾಯಿ ಕೇಳುತ್ತಾರೆ. ವಾಸನೆಯಿಲ್ಲ, ಹೊಗೆಯಿಲ್ಲ, ಕಂಪನಿ ಹೆಸರು, ಬ್ಯಾಚ್ ನಂಬರು, ಎಂಆರ್‌ಪಿ ಎಲ್ಲವೂ ಸರಿಯಾಗಿವೆ. ಇಂಥ ವಸ್ತುವಿನ ಮೇಲೆ ಅನುಮಾನ ಬರುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಅಷ್ಟರೊಳಗೆ ಮೈ ಅದಕ್ಕೆ ಒಗ್ಗಿಹೋಗಿರುತ್ತದೆ.

ಇದು ಎಲ್ಲೋ ನಾಲ್ಕು ಜನರ ಚಟ ಅಂದುಕೊಳ್ಳಬೇಡಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆ 10ರಿಂದ 75 ವರ್ಷದವರನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಹೆರಾಯಿನ್ ಬಳಸುವವರು ಶೇ 1.14. ಅಫೀಮಿನ ಗುಂಪಿಗೆ ಸೇರಿದ ಔಷಧಿಗಳನ್ನು ಬಳಸುವವರು ಶೇ 0.96. ಹೆಚ್ಚುಕಡಿಮೆ ಸರಿಸಮ. ಚಿಕಿತ್ಸೆಗಲ್ಲದೆ ನಿದ್ದೆ ಮತ್ತು ಶಮನಕಾರಿ ಮಾತ್ರೆ ನುಂಗುವವರು ಶೇ 1.08, ಅಂದರೆ ಸುಮಾರು 1.18 ಕೋಟಿ ಜನ. ಬೆಂಗಳೂರಿನಲ್ಲಂತೂ ಪೊಲೀಸರು ಟ್ಯಾಪೆಂಟಡಾಲ್ ಮಾತ್ರೆಯ ರಾಶಿ ಹಿಡಿದ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಆಗಾಗ ಬಂದು ಹೋಗುತ್ತಲೇ ಇರುತ್ತದೆ.

ದುರ್ಬಳಕೆಯಾಗುವ ಔಷಧಿಗಳಲ್ಲಿ ಮುಖ್ಯವಾದವು ಎರಡು ಜಾತಿ. ಒಂದು, ಓಪಿಯಾಯ್ಡ್‌ಗಳು: ಟ್ರಮಡಾಲ್, ಟ್ಯಾಪೆಂಟಡಾಲ್‌ನಂಥ ಗಟ್ಟಿ ನೋವುನಿವಾರಕಗಳು, ಕೊಡೀನ್ ಬೆರೆತ ಕೆಮ್ಮಿನ ಸಿರಪ್. ಇನ್ನೊಂದು, ಆಲ್ಪ್ರಜೋಲಮ್, ನೈಟ್ರಜೆಪಾಮ್, ಡಯಜೆಪಾಮ್ ಮುಂತಾದ ನಿದ್ದೆ ಮತ್ತು ಆತಂಕದ ಮಾತ್ರೆಗಳು. ನರದ ನೋವಿಗೆ ಕೊಡುವ ಪ್ರೀಗ್ಯಾಬಲಿನ್ ಈಚೆಗೆ ಇವುಗಳ ಜೊತೆ ಸೇರಿದೆ. ಎರಡೂ ಜಾತಿ ಮೆದುಳಿನ ಮೇಲೆ ಕೆಲಸ ಮಾಡುವ ಬಗೆ ಬೇರೆ, ಬಿಡಿಸುವ ಬಗೆಯೂ ಬೇರೆ. ಮುಂದೆ ಹೇಳುವುದನ್ನು ಓದುವಾಗ ಈ ವ್ಯತ್ಯಾಸ ನೆನಪಿರಲಿ.

ನೋವು ತಗ್ಗಿಸಲು ನಮ್ಮ ಮೆದುಳೇ ತಯಾರಿಸಿಕೊಳ್ಳುವ ರಾಸಾಯನಿಕಗಳಿವೆ. ಅವು ಹೋಗಿ ಕೂರುವ ಜಾಗಗಳಲ್ಲೇ ಓಪಿಯಾಯ್ಡ್ ಮಾತ್ರೆಯೂ ಕೂರುತ್ತದೆ. ನೋವು ಇಳಿಯುತ್ತದೆ, ಅದರೊಂದಿಗೆ ಒಂದು ಬೆಚ್ಚನೆಯ ನಿರಾಳ. ದಿನವೂ ಹೊರಗಿನಿಂದ ಬರುತ್ತಿದ್ದರೆ ಮೆದುಳು ತನ್ನ ಕಡೆಯಿಂದ ಹೊಂದಿಕೊಳ್ಳುತ್ತದೆ: ಆ ಜಾಗಗಳ ಸ್ಪಂದನ ಕಡಿಮೆ ಮಾಡುತ್ತದೆ. ಒಂದು ಮಾತ್ರೆಗೆ ಸಿಗುತ್ತಿದ್ದದ್ದು ಮೂರಕ್ಕೆ ಸಿಗುತ್ತದೆ, ಆಮೇಲೆ ಆರಕ್ಕೆ. ಆ ಹೊತ್ತಿಗೆ ಸುಖದ ಮಾತು ಮುಗಿದಿರುತ್ತದೆ. ಮಾತ್ರೆ ತಪ್ಪಿದರೆ ಆಕಳಿಕೆ, ಮೂಗು ಕಣ್ಣಲ್ಲಿ ನೀರು, ಮೈ ಜುಮ್ಮೆನ್ನುವುದು, ಹೊಟ್ಟೆ ಹಿಂಡುವ ಭೇದಿ, ಕಾಲು ಸುಮ್ಮನಿರದ ಚಡಪಡಿಕೆ. ಇದರಿಂದ ತಪ್ಪಿಸಿಕೊಳ್ಳಲೆಂದೇ ಮತ್ತೆ ನುಂಗುತ್ತಾರೆ. ‘ಮಜಾಕ್ಕೆ ತಗೋತಾನೆ’ ಎಂದು ಬೈಯುವವರಿಗೆ ಗೊತ್ತಿಲ್ಲ, ಈ ಹಂತದಲ್ಲಿ ಮಜಾ ಎನ್ನುವುದು ಏನೂ ಉಳಿದಿರುವುದಿಲ್ಲ.

ಎಲ್ಲರೂ ಮೋಜಿಗೆಂದು ಶುರು ಮಾಡುವುದೂ ಇಲ್ಲ. ಮೂಟೆ ಹೊರುವವರು, ಗಾರೆ ಕೆಲಸದವರು, ಹಗಲೂ ರಾತ್ರಿ ಗಾಡಿ ಓಡಿಸುವವರು ‘ಒಂದು ಹಾಕಿದರೆ ಸಂಜೆವರೆಗೆ ಮೈಕೈ ನೋವು ಗೊತ್ತಾಗಲ್ಲ’ ಎಂದು ಹಿಡಿದ ಮಾತ್ರೆಯೇ ಆಮೇಲೆ ಅವರನ್ನು ಹಿಡಿಯುತ್ತದೆ. ಕಾಲು ಮುರಿದಾಗ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಹತ್ತು ದಿನದ ಮಾತ್ರೆ ಹತ್ತು ತಿಂಗಳಿಗೆ ಬೆಳೆದದ್ದೂ ಉಂಟು.

ಹೀಗೆ ಬೆಳೆಯಲು ಮಾತ್ರೆ ಬರುವುದೆಲ್ಲಿಂದ?

ಅಮೆರಿಕದ ಕಥೆ ಇಲ್ಲಿ ಹೋಲಿಕೆಗೆ ಒದಗುತ್ತದೆ, ಆದರೆ ತಲೆಕೆಳಗಾಗಿ. ಅಲ್ಲಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ಓಪಿಯಾಯ್ಡ್ ನೋವಿನ ಮಾತ್ರೆ ಮಾರುಕಟ್ಟೆಗೆ ಬಂದ ಮೇಲೆ ಡಾಕ್ಟರ ಚೀಟಿಯೇ ಪ್ರವಾಹದ ಬಾಗಿಲಾಯಿತು. ವೆಸ್ಟ್ ವರ್ಜೀನಿಯಾದ ಕರ್ಮಿಟ್ ಎಂಬ, ಸುಮಾರು 400 ಜನರ ಕಲ್ಲಿದ್ದಲು ಸೀಮೆಯ ಊರಿನ ಒಂದೇ ಔಷಧಿ ಅಂಗಡಿಗೆ ಎರಡು ವರ್ಷದಲ್ಲಿ ಸುಮಾರು 90 ಲಕ್ಷ ನೋವಿನ ಮಾತ್ರೆ ಬಂದಿಳಿದಿತ್ತು. ಇದನ್ನು ಬಯಲಿಗೆಳೆದ ಸ್ಥಳೀಯ ಪತ್ರಕರ್ತ ಎರಿಕ್ ಐರ್ ಅವರಿಗೆ 2017ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ನಮ್ಮಲ್ಲಿ ಡಾಕ್ಟರು ಅತಿಯಾಗಿ ಬರೆಯುವುದು ದೊಡ್ಡ ಬಾಗಿಲಲ್ಲ. ನಮ್ಮ ಬಾಗಿಲು ಚೀಟಿಯೇ ಇಲ್ಲದ ಮಾರಾಟ.

ಕಾನೂನು ಹೇಳುವುದು ಸ್ಪಷ್ಟವಾಗಿದೆ. ಚೀಟಿಯಲ್ಲಿ ಡಾಕ್ಟರ ಸಹಿ, ತಾರೀಖು ಇರಬೇಕು. ಮತ್ತೆ ಕೊಡಬಹುದು ಎಂದು ಡಾಕ್ಟರೇ ಬರೆಯದ ಹೊರತು ಒಂದು ಚೀಟಿಗೆ ಒಂದೇ ಸಲ ಔಷಧಿ. ಕೊಟ್ಟ ಮೇಲೆ ಅಂಗಡಿಯವರು ಚೀಟಿಯ ಮೇಲೆ ತಮ್ಮ ಹೆಸರು, ವಿಳಾಸ, ತಾರೀಖು ಗುರುತು ಹಾಕಬೇಕು. ನಿಮ್ಮ ಚೀಟಿಯ ಮೇಲೆ ಅಂಥ ಗುರುತನ್ನು ಕೊನೆಯ ಬಾರಿ ಯಾವಾಗ ನೋಡಿದಿರಿ? ಗುರುತಿಲ್ಲದ ಒಂದೇ ಚೀಟಿ ಒಂದು ಬೀದಿಯ ನಾಲ್ಕು ಮೆಡಿಕಲ್ ಶಾಪ್ ಸುತ್ತಬಹುದು. ಫೋಟೊ ತೆಗೆದು ಹಂಚಿಕೊಂಡರೆ ನಾಲ್ಕು ಜನಕ್ಕೂ ಆಗುತ್ತದೆ. 2014ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಎಚ್1 ಪಟ್ಟಿಯ ಔಷಧಿಗಳಿಗೆ ಇನ್ನೊಂದು ಬಿಗಿ ಇದೆ. ಬರೆದ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ, ಇಷ್ಟನ್ನೂ ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು.

ಬಹುಪಾಲು ಅಂಗಡಿಯವರು ನೇರವಾಗಿಯೇ ವ್ಯಾಪಾರ ಮಾಡುತ್ತಾರೆ ಎಂಬುದು ನನ್ನ ನಂಬಿಕೆ. ಕೊಡುವುದಿಲ್ಲ ಎಂದದ್ದಕ್ಕೆ ಗಲಾಟೆ, ಬೆದರಿಕೆ ಎದುರಿಸಿದವರೂ ಅವರೇ. ಆದರೆ ಒಂದು ಬಡಾವಣೆ ಕೆಡಲು ಹತ್ತು ಅಂಗಡಿ ಬೇಕಾಗಿಲ್ಲ. ‘ಅಲ್ಲಿ ಕೇಳಿದರೆ ಕೊಡ್ತಾರೆ’ ಎಂಬ ಒಂದು ಅಂಗಡಿ ಸಾಕು. ಇಲ್ಲವೇ ಹೋಲ್‌ಸೇಲ್ ಏಜೆನ್ಸಿಯಿಂದ ಬಾಕ್ಸ್‌ಗಟ್ಟಲೆ ಬಿಲ್ಲಿಲ್ಲದೆ ಹೊರಗೆ ದಾಟಿಸುವ ಒಬ್ಬ ಸಾಕು. ಅಲ್ಲಿಂದ ಮುಂದೆ ಸ್ಟ್ರಿಪ್ಪಿನ ಬೆಲೆ ಎಂಆರ್‌ಪಿಯ ಮಾತೇ ಕೇಳುವುದಿಲ್ಲ.

ನಿಷೇಧಿಸಿಬಿಟ್ಟರೆ ಮುಗಿಯಿತಲ್ಲ ಎನ್ನುವವರು ಕಳೆದ ಮೂವತ್ತು ವರ್ಷ ಏನಾಯಿತೆಂದು ನೋಡಬೇಕು. ಮಣಿಪುರ, ಮಿಜೋರಾಂಗಳಲ್ಲಿ ತೊಂಬತ್ತರ ದಶಕದಿಂದ ಯುವಕರು ಸ್ಪಾಸ್ಮೊ ಪ್ರಾಕ್ಸಿವಾನ್ ಎಂಬ ಹೊಟ್ಟೆನೋವಿನ ಕ್ಯಾಪ್ಸೂಲ್ ಒಡೆದು, ಪುಡಿಯನ್ನು ನೀರಿಗೆ ಕಲಸಿ ನರಕ್ಕೆ ಚುಚ್ಚಿಕೊಳ್ಳತೊಡಗಿದರು. ಅದರಲ್ಲಿದ್ದದ್ದು ಡೆಕ್ಸ್‌ಟ್ರೊಪ್ರೊಪಾಕ್ಸಿಫೀನ್ ಎಂಬ ಓಪಿಯಾಯ್ಡ್. ನುಂಗಲು ಮಾಡಿದ ಪುಡಿ ನೀರಲ್ಲಿ ಪೂರ್ತಿ ಕರಗುವುದಿಲ್ಲ. ಕರಗದ ಕಣಗಳು ರಕ್ತನಾಳ ಕಟ್ಟಿಸಿದವು, ಕೀವು ತುಂಬಿತು, ಕೈಕಾಲು ಕತ್ತರಿಸಬೇಕಾದ ಸ್ಥಿತಿ ಬಂತು. ಒಂದೇ ಸೂಜಿ ಹಂಚಿಕೊಂಡದ್ದರಿಂದ ಎಚ್‌ಐವಿ, ಹೆಪಟೈಟಿಸ್ ಸಿ ಹಬ್ಬಿತು. 2013ರಲ್ಲಿ ಕೇಂದ್ರ ಆ ಔಷಧಿಯನ್ನು ನಿಷೇಧಿಸಿತು. ಅದೇ ಬ್ರ್ಯಾಂಡಿನ ಹೆಸರಿಗೆ ‘ಪ್ಲಸ್’ ಸೇರಿಸಿಕೊಂಡು ಬಂದ ಕ್ಯಾಪ್ಸೂಲಿನೊಳಗೆ ಟ್ರಮಡಾಲ್ ಇತ್ತು. 2018ರ ಏಪ್ರಿಲ್‌ನಲ್ಲಿ ಟ್ರಮಡಾಲ್ ಎನ್‌ಡಿಪಿಎಸ್ ಪಟ್ಟಿಗೆ ಸೇರಿತು. ಅದರ ದಾಯಾದಿ ಟ್ಯಾಪೆಂಟಡಾಲ್ ಆಗ ಸೇರಲಿಲ್ಲ. ಬೇಡಿಕೆ ಅತ್ತ ಹರಿಯಿತು. ಮುಂಬೈ ಸೀಮೆಯ ಕಂಪನಿಯೊಂದು ಟ್ಯಾಪೆಂಟಡಾಲ್‌ಗೆ ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿ ಘಾನಾ, ನೈಜೀರಿಯಾಗಳಿಗೆ ಕಳಿಸುತ್ತಿದ್ದುದನ್ನು ಬಿಬಿಸಿ 2025ರ ಫೆಬ್ರುವರಿಯಲ್ಲಿ ತೋರಿಸಿದ ಮೇಲೆ ಆ ಮಿಶ್ರಣದ ತಯಾರಿಕೆ, ರಫ್ತಿಗೆ ಕೇಂದ್ರ ತಡೆ ಹಾಕಿತು.

ಎನ್‌ಡಿಪಿಎಸ್‌ನಿಂದ ಹೊರಗಿರುವ ಔಷಧಿಗೆ 1940ರ ಔಷಧಿ ಮತ್ತು ಕಾಂತಿವರ್ಧಕ ಕಾಯ್ದೆಯೇ ಗತಿ. ಅದರ ಮುಖ್ಯ ಅಪರಾಧಗಳಿಗೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ, ಮೊಕದ್ದಮೆ ಹೂಡಬೇಕಾದವರು ಡ್ರಗ್ಸ್ ಇನ್‌ಸ್ಪೆಕ್ಟರು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಾಗಾಗಿ ಊರಿನ ಮಾತ್ರೆ ದಂಧೆಯ ಬಗ್ಗೆ ಠಾಣೆಗೆ ಹೋದವರು ಬರಿಗೈಲಿ ಬಂದರೆ ಅದು ಯಾವಾಗಲೂ ಪೊಲೀಸರ ಉದಾಸೀನವೇ ಆಗಿರಬೇಕಿಲ್ಲ.

ಈ ನಿಷೇಧದ ಉತ್ಸಾಹಕ್ಕೆ ಇನ್ನೊಂದು ಬೆಲೆಯಿದೆ, ಅದನ್ನು ತೆತ್ತವರು ಕ್ಯಾನ್ಸರ್ ರೋಗಿಗಳು. ಎನ್‌ಡಿಪಿಎಸ್ ಬಂದ ಮೇಲೆ ಲೈಸೆನ್ಸಿನ ರಗಳೆಗೆ ಹೆದರಿ ಬಹಳಷ್ಟು ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಅಫೀಮು ಬೆಳೆಯುವ ದೇಶದಲ್ಲೇ ಸಾಯುವವರಿಗೆ ನೋವಿನ ಔಷಧಿ ಸಿಗದೆ ಹೋಯಿತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಆದ್ದರಿಂದ ನಿಮ್ಮ ಮನೆಯ ಕ್ಯಾನ್ಸರ್ ರೋಗಿಗೆ ಡಾಕ್ಟರು ಮಾರ್ಫಿನ್ ಬರೆದರೆ ಈ ಲೇಖನ ಓದಿದ ಭಯದಲ್ಲಿ ಅದನ್ನು ನಿಲ್ಲಿಸಬೇಡಿ.

ಮಾತ್ರೆಯ ಚಟದಿಂದ ಬೀದಿಗೆ ಬೀಳುವ ಪೆಟ್ಟು ನಿಧಾನವಾಗಿ ಕಾಣುತ್ತದೆ. ಕೂಲಿ ತಪ್ಪುತ್ತದೆ, ಮೊಬೈಲು ಅಡವಿಗೆ ಹೋಗುತ್ತದೆ, ಸಂಘದ ಸಾಲದ ಕಂತು ನಿಲ್ಲುತ್ತದೆ, ಅದನ್ನು ಕಟ್ಟುವವಳು ಮನೆಗೆಲಸ ಮಾಡುವ ತಾಯಿ ಅಥವಾ ಹೆಂಡತಿ. ಅಕ್ಕಪಕ್ಕದವರಿಗೆ ಸುದ್ದಿ ಹೋದರೆ ತಂಗಿಯ ಮದುವೆಗೆ ತೊಂದರೆ ಎಂದು ಮನೆಯವರು ಮುಚ್ಚಿಡುತ್ತಾರೆ. ಹೀಗೆ ಪ್ರತಿ ಮನೆಯವರೂ ತಮ್ಮದೊಂದೇ ಎಂದುಕೊಂಡಿರುವಾಗ ಒಂದೇ ಸಾಲಿನಲ್ಲಿ ಐದಾರು ಮನೆಗಳಿರಬಹುದು.

ಗುರುತಿಸುವುದು ಹೇಗೆ? ಓಪಿಯಾಯ್ಡ್ ಆಗಿದ್ದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಕೂತಲ್ಲೇ ತೂಕಡಿಕೆ, ಮೈ ಕೆರೆತ, ದಿನಗಟ್ಟಲೆ ಮಲಬದ್ಧತೆ. ನಿದ್ದೆ ಮಾತ್ರೆಯಾದರೆ ಕುಡಿಯದೆಯೂ ಕುಡಿದಂತೆ ತೊದಲು, ತೂರಾಟ, ನಿನ್ನೆಯದು ಇಂದು ನೆನಪಿಲ್ಲದಿರುವುದು. ಖಾಲಿ ಸ್ಟ್ರಿಪ್, ಸಿರಪ್ ಬಾಟಲಿ, ಸಿರಿಂಜು ಸಿಕ್ಕರೆ ಬಿಸಾಡಬೇಡಿ, ಡಾಕ್ಟರಿಗೆ ತೋರಿಸಿ. ಯಾವ ಔಷಧಿ ಎಂದು ತಿಳಿಯುವುದೇ ಚಿಕಿತ್ಸೆಯ ಅರ್ಧ ಕೆಲಸ.

ಆಮೇಲೆ ಮನೆಯವರು ಮೊದಲು ಮಾಡುವ ಕೆಲಸವೇ ಕೆಲವೊಮ್ಮೆ ಅಪಾಯ ತರುತ್ತದೆ: ಎಲ್ಲವನ್ನೂ ಕಿತ್ತುಕೊಂಡು ಕೋಣೆಯಲ್ಲಿ ಕೂಡಿಹಾಕುವುದು. ತಿಂಗಳುಗಟ್ಟಲೆ ನುಂಗಿದ ಆಲ್ಪ್ರಜೋಲಮ್ ಜಾತಿಯ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣವೇ ಹೋಗಬಹುದು. ಅದನ್ನು ಡಾಕ್ಟರ ಕಣ್ಣಳತೆಯಲ್ಲಿ ವಾರ, ತಿಂಗಳುಗಳಲ್ಲಿ ಇಳಿಸುತ್ತ ಬರಬೇಕು. ಓಪಿಯಾಯ್ಡ್ ಬಿಟ್ಟಾಗಿನ ಬಾಧೆ ಮೊದಲ ಎರಡು ಮೂರು ದಿನ ಉಗ್ರ, ಸುಮಾರು ಒಂದು ವಾರಕ್ಕೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ಪ್ರಾಣಕ್ಕೆ ಎರವಲ್ಲ. ಅಪಾಯವಿರುವುದು ನಂತರ. ಒಂದು ತಿಂಗಳು ಬಿಟ್ಟ ಮೈಗೆ ಹಳೆಯ ತಾಳಿಕೆ ಉಳಿದಿರುವುದಿಲ್ಲ. ಮೊದಲಿನಷ್ಟೇ ಪ್ರಮಾಣ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಹಾಗಾಗಿ ಬಹಳ ಜನಕ್ಕೆ ಬ್ಯೂಪ್ರಿನಾರ್ಫಿನ್‌ನಂಥ ಔಷಧಿಯನ್ನು ದೀರ್ಘಕಾಲ ಕೊಟ್ಟು ಕಾಪಾಡುತ್ತಾರೆ. ‘ಒಂದು ಬಿಡಿಸಿ ಇನ್ನೊಂದು ಹಿಡಿಸಿದರು’ ಎಂದು ನೆಂಟರು ಆಡಿಕೊಂಡರೆ ಕಿವಿಗೆ ಹಾಕಿಕೊಳ್ಳಬೇಡಿ.

ಎಬ್ಬಿಸಿದರೂ ಏಳದೆ, ತುಟಿ ನೀಲಿಗಟ್ಟಿ, ಗೊರಗೊರ ಸದ್ದಿನೊಂದಿಗೆ ಅಪರೂಪಕ್ಕೊಮ್ಮೆ ಉಸಿರೆಳೆಯುತ್ತಿದ್ದರೆ ಅದು ನಿದ್ದೆಯಲ್ಲ. ಮಗ್ಗುಲಿಗೆ ಹೊರಳಿಸಿ, 108ಕ್ಕೆ ಕರೆ ಮಾಡಿ, ಏನು ನುಂಗಿದ್ದಾರೆಂದು ಮುಚ್ಚಿಡದೆ ಹೇಳಿ. ಓಪಿಯಾಯ್ಡ್‌ಗೆ ನಲೊಕ್ಸೋನ್ ಎಂಬ ಮಾರುಮದ್ದು ಇದೆ. ನೋವಿನ ಮಾತ್ರೆಯ ಜೊತೆ ನಿದ್ದೆ ಮಾತ್ರೆ ಅಥವಾ ಮದ್ಯ ಸೇರಿದಾಗಲೇ ಇಂಥ ಸಾವು ಹೆಚ್ಚು.

ಸಹಾಯಕ್ಕೆ ಟೆಲಿ ಮಾನಸ್ 14416, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಎರಡೂ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಕೇಂದ್ರವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ‘ಮನೋಚೈತನ್ಯ’ ಕ್ಲಿನಿಕ್ಕಿನ ದಿನವನ್ನು ಹತ್ತಿರದ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, ಎನ್‌ಡಿಪಿಎಸ್‌ನ 64ಎ ಕಲಮು ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಖಾಸಗಿ ‘ರಿಹ್ಯಾಬ್’ಗೆ ಸೇರಿಸುವ ಮುನ್ನ ಅಲ್ಲಿ ಮನೋವೈದ್ಯರು ಇದ್ದಾರೆಯೇ, ಮನೆಯವರು ಭೇಟಿಯಾಗಬಹುದೇ ಎಂದು ವಿಚಾರಿಸಿ. ಸರಪಳಿ ಹಾಕುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಷಿದ್ಧ.

ಅಂಗಡಿಯ ಬಗ್ಗೆ ಅನುಮಾನವಿದ್ದರೆ ಜಗಳಕ್ಕೆ ಹೋಗುವ ಅಗತ್ಯವಿಲ್ಲ. ಅಂಗಡಿಯ ಹೆಸರು, ಔಷಧಿ, ತಾರೀಖು, ಸ್ಟ್ರಿಪ್ ಕೈಲಿದ್ದರೆ ಬ್ಯಾಚ್ ನಂಬರು ಬರೆದು ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಪ್ರತಿ ಬ್ಯಾಚ್ ಯಾವ ಏಜೆನ್ಸಿಯಿಂದ ಯಾವ ಅಂಗಡಿಗೆ ಹೋಯಿತೆಂಬುದು ಬಿಲ್ಲಿನಲ್ಲಿ ಇರಲೇಬೇಕು. ಇನ್‌ಸ್ಪೆಕ್ಟರು ಖರೀದಿಯ ಬಿಲ್ಲನ್ನೂ ಮಾರಾಟದ ರಿಜಿಸ್ಟರನ್ನೂ ಎದುರುಬದುರು ಇಟ್ಟುಕೊಂಡು ಕೂತರೆ ಎಷ್ಟು ಸ್ಟ್ರಿಪ್‌ಗೆ ಲೆಕ್ಕವಿಲ್ಲ ಎಂದು ಕಂಡುಹಿಡಿಯುವುದು ಒಂದು ಮಧ್ಯಾಹ್ನದ ಕೆಲಸ.