ನಿಮಗಿದು ಗೊತ್ತೆ? ‘ಹಮ್ಮಿಗಿ’ ಅಂದರೆ 21 ಬೈಟ್!

ಮುಂಡರಗಿ ತಾಲ್ಲೂಕಿನ ‘ಹಮ್ಮಿಗಿ’ಯ ಹೆಸರಿನಲ್ಲಿ ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಯೂನಿಕೋಡ್‌ನಲ್ಲಿ ಅದು 7 ಸಂಕೇತ. ಯುಟಿಎಫ್-8 ಕಡತದಲ್ಲಿ 21 ಬೈಟ್! ವ್ಯಂಜನ, ಗುಣಿತದ ಚಿಹ್ನೆ, ಒತ್ತಕ್ಷರ ಮೂಡಿಸುವ ಹಲಂತ ಎಲ್ಲವೂ ಬೇರೆ ಬೇರೆ ಸಂಕೇತ. ಒಂದೊಂದಕ್ಕೂ 3 ಬೈಟ್.

ಈ ಅಂತರ ಪ್ರೋಗ್ರಾಂ ಬರೆಯುವಾಗ ಗೊಂದಲ ತರಬಹುದು. ಪ್ರೋಗ್ರಾಂನಲ್ಲಿ ತಪ್ಪಿದ್ದರೆ, ಅದನ್ನು ಯಂತ್ರಭಾಷೆಗೆ ಬದಲಿಸುವ ಕಂಪೈಲರ್ ಆ ತಪ್ಪಿನ ಸಾಲು ಮತ್ತು ಕಾಲಂ ಸಂಖ್ಯೆ ತಿಳಿಸುತ್ತದೆ. ಅದೇ ಸಾಲಿನಲ್ಲಿ ತಪ್ಪಿಗಿಂತ ಮೊದಲು ‘ಹಮ್ಮಿಗಿ’ ಎಂದು ಬರೆದಿದ್ದರೆ ಲೆಕ್ಕ ಜಾರುತ್ತದೆ. ಬೈಟ್ ಎಣಿಸುವ ಕಂಪೈಲರ್ ಹೇಳುವ ಕಾಲಂ, ನಾವು ಅಕ್ಷರ ಎಣಿಸಿದ್ದಕ್ಕಿಂತ 18ರಷ್ಟು ಮುಂದಿರುತ್ತದೆ.

ಜನಪ್ರಿಯ ಜಿಸಿಸಿ ಕಂಪೈಲರ್ 2021ರಲ್ಲಿ ಬಂದ 11ನೇ ಆವೃತ್ತಿಯಿಂದ ಬೈಟ್ ಬದಲು ಪರದೆಯ ಮೇಲಿನ ಕಾಲಂಗಳನ್ನು ಎಣಿಸುತ್ತಿದೆ. ಆದರೆ ಎಲ್ಲ ಕಂಪೈಲರ್‌ಗಳೂ ಹೀಗೆ ಎಣಿಸುವುದಿಲ್ಲ. ಹಾಗಾಗಿ ಕನ್ನಡ ಇರುವ ಸಾಲಿನಲ್ಲಿ ತಪ್ಪು ಹುಡುಕುವಾಗ ಕಾಲಂಗಿಂತ ಸಾಲಿನ ಸಂಖ್ಯೆಯನ್ನೇ ನಂಬಿ.